ಕೊಳವೆಯೊಳಗೆ ಹೆಪ್ಪುಗಟ್ಟುವ ಮೇಣ

ಧನುರ್ಮಾಸದ ಚಳಿಯಲ್ಲಿ ಹಲಸೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಹೆಪ್ಪುಗಟ್ಟುವುದು ಎಲ್ಲರೂ ಬಲ್ಲ ಸಂಗತಿ. ಭೂಗರ್ಭದಿಂದ ಬಿಸಿಯಾಗಿ ಹೊರಬರುವ ಕಚ್ಚಾ ತೈಲದ ಪಾಡೂ ಇದೇ. ಅದರಲ್ಲಿ ಕರಗಿರುವ ಪ್ಯಾರಾಫಿನ್ ಮೇಣವು ಉಷ್ಣತೆ ಇಳಿದಂತೆ ಹರಳುಗಟ್ಟುತ್ತದೆ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಕೃಷ್ಣರಾಜಪುರದ ಆಚೆಯ ದೇವನಗುಂದಿಗೆ ಬರುವ ಸುಮಾರು 360 ಕಿ.ಮೀ. ಕೊಳವೆಗೆ ಈ ಭಯವಿಲ್ಲ. ಅದರಲ್ಲಿ ಹರಿಯುವುದು ಸಂಸ್ಕರಿಸಿದ ತೈಲ. ಡೀಸೆಲಿನಲ್ಲಿ ಉಳಿದ ಅಲ್ಪ ಮೇಣ ಈ ನಾಡಿನ ಚಳಿಗೆ ಬೇರ್ಪಡದು. ರಾಜಸ್ಥಾನದ ಬಾರ್ಮೇರ್ ಪ್ರದೇಶದಲ್ಲಿ 2004ರಲ್ಲಿ ಪತ್ತೆಯಾದ ಮಂಗಳಾ ನಿಕ್ಷೇಪದ ತೈಲವಾದರೋ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಗಟ್ಟಿಯಾಗುವಂಥದು. ಆದಕಾರಣ ಗುಜರಾತಿನ ಕರಾವಳಿಯವರೆಗೂ ಅದರ ಕೊಳವೆಯನ್ನು ವಿದ್ಯುತ್ತಿನಿಂದ ಕಾಯಿಸಲಾಗುತ್ತದೆ. ದುಬಾರಿ ಉಪಾಯವೇ ಸರಿ.

ಎಲ್ಲೆಡೆಯೂ ಹೀಗೆ ಕಾಯಿಸಲಾಗದು. ಆಗ ಗಣಿತದ ಮಾದರಿ ನೆರವಿಗೆ ಬರುತ್ತದೆ. ಕೊಳವೆಯ ಗೋಡೆ ತೈಲಕ್ಕಿಂತ ತಣ್ಣಗಿದ್ದರೆ ಅಲ್ಲಿ ಮೇಣ ಹರಳಾಗಿ, ಕರಗಿರುವ ಮೇಣದ ಪ್ರಮಾಣ ಕುಗ್ಗುತ್ತದೆ. ಆ ಕೊರತೆಯತ್ತ ನಡುವಿನ ಮೇಣ ಸರಿಯುತ್ತದೆ. ಸರಿಯುವ ವೇಗವನ್ನು ಫಿಕ್‌ನ ನಿಯಮ ತಿಳಿಸುತ್ತದೆ. ತೈಲವೂ ಗೋಡೆಯೂ ಸಮನಾಗಿ ತಣ್ಣಗಿದ್ದರೆ ಹರಳುಗಳು ಬಹುಮಟ್ಟಿಗೆ ಹರಿವಿನೊಡನೆಯೇ ಸಾಗಿಬಿಡುತ್ತವೆ, ಅಚ್ಚರಿಯೆನಿಸಿದರೂ ನಿಜ. ಕುಳಿತ ಪದರವೇ ಕಂಬಳಿಯಂತೆ ಶಾಖವನ್ನು ತಡೆದು ಮುಂದಿನ ಶೇಖರಣೆಯನ್ನು ತಗ್ಗಿಸುತ್ತದೆ. ಆದರೆ ಪದರದಲ್ಲಿ ಸಿಲುಕಿದ ತೈಲ ಹೊರಬಿದ್ದು, ಮೇಣ ಒಳಸೇರಿ, ಅದು ದಿನೇದಿನೇ ಗಡುಸಾಗುತ್ತದೆ. ಕೊಳವೆಯನ್ನು ಕೆರೆಯುತ್ತ ಸಾಗುವ ‘ಪಿಗ್’ ಎಂಬ ಸಾಧನವನ್ನು ತಡವಾಗಿ ಬಿಟ್ಟರೆ ಅದೇ ನಡುದಾರಿಯಲ್ಲಿ ಸಿಕ್ಕಿಕೊಂಡೀತು. ಅದನ್ನು ಎಷ್ಟು ದಿನಕ್ಕೊಮ್ಮೆ ಬಿಡಬೇಕು, ಪಂಪು ನಿಂತರೆ ಎಷ್ಟು ಗಂಟೆಯೊಳಗೆ ಮರಳಿ ನಡೆಸಬೇಕು ಎಂಬುದನ್ನೇ ಎಂಜಿನಿಯರು ಮಾದರಿಯಿಂದ ಕೇಳುವುದು.