ಅರ್ಥವಾಯಿತು ಅನ್ನಿಸಿದ್ದು, ಅರ್ಥವಾದದ್ದು

ಮನೋವಿಜ್ಞಾನ ಓದಿದವರ ರೆಕಾರ್ಡ್ ಪುಸ್ತಕದಲ್ಲಿ ಮ್ಯೂಲರ್-ಲಯರ್ ಪ್ರಯೋಗ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸಮ ಉದ್ದದ ಎರಡು ಗೆರೆಗಳು. ಒಂದರ ತುದಿಗಳಲ್ಲಿ ಬಾಣದ ಮೊನೆ, ಇನ್ನೊಂದರ ತುದಿಗಳಲ್ಲಿ ಹೊರಕ್ಕೆ ಬಿಚ್ಚಿಕೊಂಡ ರೆಕ್ಕೆ. ರೆಕ್ಕೆಯ ಗೆರೆ ಉದ್ದವಾಗಿ ಕಾಣುತ್ತದೆ. ಸ್ಕೇಲಿಟ್ಟು ಅಳೆದು ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಮತ್ತೆ ನೋಡಿ, ಆಗಲೂ ಅದು ಉದ್ದವೇ. ತಿಳಿದ ಮಾತ್ರಕ್ಕೆ ಕಣ್ಣು ತಿದ್ದಿಕೊಳ್ಳುವುದಿಲ್ಲ.

ಎಂ.ಎ.ಯಲ್ಲಿ ನಮಗೆ ಪ್ರಯೋಗಾಲಯವನ್ನೂ ಸಂಖ್ಯಾಶಾಸ್ತ್ರವನ್ನೂ ಒಬ್ಬರೇ ಮೇಷ್ಟ್ರು ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಲ್ಯಾಬಿನಲ್ಲಿ ನಮ್ಮ ಕಣ್ಣು ಎಷ್ಟು ಮಿಲಿಮೀಟರ್ ತಪ್ಪಿತು ಎಂದು ಬರೆಸುವುದು, ಮಧ್ಯಾಹ್ನ ಆ ಅಂಕಿಗಳನ್ನೇ ಬೋರ್ಡಿಗೆ ಹಾಕಿಸಿ ಸರಾಸರಿ, ಮಾನಕ ವಿಚಲನೆ ತೆಗೆಸುವುದು. ನೋಟ್ಸ್ ಹೇಳಿ ಬರೆಸುತ್ತಿರಲಿಲ್ಲ. ಸೀನಿಯರ್‌ಗಳ ರೆಕಾರ್ಡಿನಿಂದ ಅಂಕಿ ಇಳಿಸಿಕೊಂಡು ಬಂದರೆ ನೋಡಿದ ಕೂಡಲೇ ಗುರುತಿಸುತ್ತಿದ್ದರು. ಒಮ್ಮೆ ಗೆಳತಿಯೊಬ್ಬಳ ಅಂಕಿಯೊಂದು ಮಿಕ್ಕವುಗಳಿಂದ ತುಂಬ ದೂರ ಬಂತು. ಅವಳು ರಬ್ಬರ್ ಎತ್ತಿಕೊಂಡಳು. ಮೇಷ್ಟ್ರು ನಿಂತಲ್ಲಿಂದಲೇ, "ಅಳಿಸಬೇಡಮ್ಮ. ತಪ್ಪು ಅನ್ನಿಸಿದರೆ ಮೇಲೊಂದು ಗೆರೆ ಎಳಿ. ಕೆಳಗಿದ್ದದ್ದು ಕಾಣ್ತಾ ಇರಲಿ" ಎಂದರು.

ಆ ತರಗತಿಯ ಬಗ್ಗೆ ನಮಗೆಲ್ಲ ಗಟ್ಟಿಯಾದ ಅಭಿಪ್ರಾಯಗಳಿದ್ದವು. ಇವತ್ತು ನಾನೇ ಆ ಪಾಠ ಮಾಡುತ್ತೇನೆ, ನನ್ನೆದುರು ಕೂತವರ ಬಾಯಲ್ಲೂ ಅವೇ ಅಭಿಪ್ರಾಯಗಳು. ಅವುಗಳಲ್ಲಿ ಹೆಚ್ಚಿನವು ಆ ರೆಕ್ಕೆಯ ಗೆರೆಯ ಹಾಗೆ. ಕಾಣುವುದು ಒಂದು, ಅಳೆದರೆ ಇನ್ನೊಂದು.

"ಸೈಕಾಲಜಿಗೆ ಲೆಕ್ಕ ಯಾಕೆ?"

ಗಣಿತಕ್ಕೆ ಹೆದರಿ ಕಲಾ ವಿಭಾಗ ಸೇರಿದವರು, ಮನಸ್ಸಿನ ವಿಷಯವೆಂದರೆ ಬರೀ ಮಾತಿನ ವಿಷಯ ಎಂದುಕೊಂಡವರು, ಸ್ಟ್ಯಾಟ್ಸ್ ಪೇಪರ್ ಕಂಡು ಕಂಗಾಲಾಗುತ್ತಾರೆ. ಹೊರಗಿನವರು ಯಾರೋ ತಂದು ತುರುಕಿದ್ದು ಎಂದೇ ಅವರ ಭಾವನೆ. ನಡೆದದ್ದು ಹಾಗಲ್ಲ. ಸಂಖ್ಯಾಶಾಸ್ತ್ರದ ಕೆಲವು ಮುಖ್ಯ ಸಲಕರಣೆಗಳು ಮನೋವಿಜ್ಞಾನದ ಕುಲುಮೆಯಲ್ಲೇ ತಯಾರಾದವು. ಚಾರ್ಲ್ಸ್ ಸ್ಪಿಯರ್‌ಮನ್ ಬ್ರಿಟಿಷ್ ಸೇನೆಯಲ್ಲಿ ವರ್ಷಗಟ್ಟಲೆ ಅಧಿಕಾರಿಯಾಗಿದ್ದು, ಅದನ್ನು ಬಿಟ್ಟು ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಅವರ ಬಳಿ ಮನೋವಿಜ್ಞಾನ ಕಲಿಯಲು ಹೋದವರು. ಒಂದು ವಿಷಯದಲ್ಲಿ ಮುಂದಿರುವ ಮಗು ಬೇರೆ ವಿಷಯಗಳಲ್ಲೂ ಸಾಮಾನ್ಯವಾಗಿ ಮುಂದಿರುವುದೇಕೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಅದನ್ನು ಹಿಡಿದು 1904ರಲ್ಲಿ ಅವರು ಪ್ರಕಟಿಸಿದ ಕೆಲಸದಿಂದ ಫ್ಯಾಕ್ಟರ್ ಅನಾಲಿಸಿಸ್ ಬೆಳೆಯಿತು. ಶ್ರೇಣಿ ಸಹಸಂಬಂಧದ ಸೂತ್ರ ಇಂದಿಗೂ ಅವರ ಹೆಸರಿನಲ್ಲೇ ಇದೆ.

ಆ ಸ್ಪಿಯರ್‌ಮನ್ ಅವರ ಶಿಷ್ಯರೊಬ್ಬರು ಮೈಸೂರಿಗೆ ಬಂದರು. ಎಂ.ವಿ. ಗೋಪಾಲಸ್ವಾಮಿ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ರೇಡಿಯೊ. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಹೆಸರಿನ ಬಾನುಲಿ ಶುರುಮಾಡಿದವರು ಅವರು. ಅವರ ವೃತ್ತಿಯಾದರೋ ಮನೋವಿಜ್ಞಾನದ ಅಧ್ಯಾಪನ. ಲಂಡನ್ನಿನಲ್ಲಿ ಓದಿ ಬಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಆರಂಭವಾದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು. ಅತ್ತ ಧಾರವಾಡದಲ್ಲಿ ವಿ.ವಿ. ಕಾಮತ್ ಫ್ರಾನ್ಸಿನ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಪ್ರಶ್ನೆಗಳನ್ನು ಅನುವಾದಿಸಿದರೆ ಈ ಕೆಲಸ ಮುಗಿಯುವುದಿಲ್ಲ. ಎಂಟು ವರ್ಷದ ಮಕ್ಕಳಲ್ಲಿ ಎಷ್ಟು ಮಂದಿ ಈ ಪ್ರಶ್ನೆ ಬಿಡಿಸುತ್ತಾರೆ, ಒಂಬತ್ತರವರಲ್ಲಿ ಎಷ್ಟು ಮಂದಿ ಎಂದು ಮಕ್ಕಳ ಮುಂದೆ ಕೂತು ಕೇಳಿ, ಎಣಿಸಿ, ಪ್ರಶ್ನೆಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಬೇಕು. ಬಿನೆ-ಕಾಮತ್ ಪರೀಕ್ಷೆ ಈಗಲೂ ಬಳಕೆಯಲ್ಲಿದೆ. ಮಗುವನ್ನು ಕರೆದುಕೊಂಡು ಬಂದ ತಾಯಿಗೆ ಏನು ಹೇಳಬೇಕು ಎಂಬುದರ ಹಿಂದೆ ಆ ಎಣಿಕೆ ನಿಂತಿರುತ್ತದೆ.

ಲೆಕ್ಕಕ್ಕೆ ಬೇಕಾದ ಗಣಿತವೂ ಅಷ್ಟೇನಿಲ್ಲ. ಕೂಡುವುದು, ಕಳೆಯುವುದು, ಭಾಗಿಸುವುದು, ಒಂದು ವರ್ಗಮೂಲ. ಇದರ ಜೊತೆಗೇ ಬರುವ ಸಣ್ಣದೊಂದು ತಪ್ಪು ತಿಳಿವಳಿಕೆ: 'ಸ್ಟೂಡೆಂಟ್ಸ್ ಟಿ-ಟೆಸ್ಟ್' ವಿದ್ಯಾರ್ಥಿಗಳಿಗಾಗಿ ಸುಲಭ ಮಾಡಿಟ್ಟದ್ದು ಎಂದು ಪ್ರತಿ ವರ್ಷ ಯಾರಾದರೂ ಬರೆಯುತ್ತಾರೆ. 'ಸ್ಟೂಡೆಂಟ್' ಎಂಬುದು ವಿಲಿಯಂ ಗಾಸೆಟ್ ಎಂಬುವರ ಗುಪ್ತನಾಮ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಅವರು, ಕೈಗೆ ಸಿಗುವ ನಾಲ್ಕಾರು ಮಾದರಿಗಳಿಂದಲೇ ತೀರ್ಮಾನಕ್ಕೆ ಬರುವುದು ಹೇಗೆ ಎಂದು ಯೋಚಿಸಿ 1908ರಲ್ಲಿ ಆ ಹೆಸರಿನಲ್ಲಿ ಲೇಖನ ಪ್ರಕಟಿಸಿದರು.

"ಸರಾಗವಾಗಿ ಹೋದ ಪಾಠವೇ ಒಳ್ಳೆಯ ಪಾಠ"

ನಮ್ಮ ಮೇಷ್ಟ್ರ ತರಗತಿ ಎಡವಿ ಎಡವಿ ಸಾಗುತ್ತಿತ್ತು. ಒಂದು ಪ್ರಶ್ನೆ ಹಾಕಿ ಸುಮ್ಮನೆ ನಿಂತುಬಿಡುತ್ತಿದ್ದರು. ಯಾರಾದರೂ ಬಾಯಿ ಬಿಡುವವರೆಗೆ ಫ್ಯಾನಿನ ಸದ್ದು ಮಾತ್ರ. ತಪ್ಪು ಉತ್ತರ ಬಂದರೆ, "ಸರಿ, ಇದನ್ನೇ ಹಿಡಿದು ಮುಂದೆ ಹೋಗೋಣ, ಎಲ್ಲಿ ಮುಟ್ಟುತ್ತೇವೆ ನೋಡೋಣ" ಎನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರ ಪಾಠ ನೀರು ಹರಿದ ಹಾಗೆ. ಹೊರಬಂದಾಗ ಎಲ್ಲ ತಿಳಿಯಿತು ಎಂಬ ತೃಪ್ತಿ. ಸೆಮಿಸ್ಟರ್ ಕೊನೆಗೆ ಫೀಡ್‌ಬ್ಯಾಕ್ ಫಾರಂ ಕೊಟ್ಟಾಗ ನಾನು ನಮ್ಮ ಮೇಷ್ಟ್ರ ಬಗ್ಗೆ 'ಪಾಠ ಅರ್ಥವಾಗುವುದಿಲ್ಲ' ಎಂದು ಬರೆದೆ. ಆ ಹೊತ್ತಿಗೆ ಅದು ಪ್ರಾಮಾಣಿಕ ಮಾತೇ ಆಗಿತ್ತು.

ಆ ಮಾತನ್ನು ಅಳೆದು ನೋಡಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ತರಗತಿಯೊಂದರಲ್ಲಿ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ವಿಷಯ ಒಂದೇ, ಹಂಚಿದ ಹಾಳೆಗಳೂ ಒಂದೇ. ಒಂದು ಗುಂಪಿಗೆ ಅನುಭವಿ ಅಧ್ಯಾಪಕರ ನಿರರ್ಗಳ ಉಪನ್ಯಾಸ. ಇನ್ನೊಂದು ಗುಂಪು ತಾನೇ ಲೆಕ್ಕದ ಜೊತೆ ಗುದ್ದಾಡಿ, ಆಮೇಲೆ ವಿವರಣೆ ಕೇಳಬೇಕು. 2019ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದದ್ದು ಗುದ್ದಾಡಿದ ಗುಂಪು, ಹೆಚ್ಚು ಕಲಿತೆವು ಎಂದು ಹೇಳಿಕೊಂಡದ್ದು ಉಪನ್ಯಾಸ ಕೇಳಿದ ಗುಂಪು.

ಅಮೆರಿಕದ ವಾಯುಪಡೆ ಅಕಾಡೆಮಿಯ ಅಧ್ಯಯನ ಇನ್ನೂ ದೂರದವರೆಗೆ ನೋಡಿತು. ಅಲ್ಲಿ ಯಾವ ವಿದ್ಯಾರ್ಥಿಗೆ ಯಾವ ಅಧ್ಯಾಪಕರು ಎಂಬುದು ವಿದ್ಯಾರ್ಥಿಯ ಇಷ್ಟದ ಮೇಲೆ ನಿಂತಿಲ್ಲ, ಪರೀಕ್ಷೆಯೂ ಎಲ್ಲರಿಗೂ ಒಂದೇ. 10 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಹಿಂಬಾಲಿಸಿ ಕ್ಯಾರೆಲ್ ಮತ್ತು ವೆಸ್ಟ್ 2010ರಲ್ಲಿ ವರದಿ ಮಾಡಿದರು. ಮೊದಲ ಕ್ಯಾಲ್ಕುಲಸ್ ಕೋರ್ಸಿನಲ್ಲಿ ಒಳ್ಳೆಯ ಅಂಕ ಬರಿಸಿ ಒಳ್ಳೆಯ ಫೀಡ್‌ಬ್ಯಾಕ್ ಪಡೆದ ಅಧ್ಯಾಪಕರ ವಿದ್ಯಾರ್ಥಿಗಳು, ಅದರ ಮೇಲೆ ನಿಂತ ಮುಂದಿನ ಕೋರ್ಸುಗಳಲ್ಲಿ ಸರಾಸರಿ ಹಿಂದೆ ಬಿದ್ದಿದ್ದರು. ಮೊದಲ ಪರೀಕ್ಷೆಗೆ ಸಾಕಾಗುವ ಕಲಿಕೆಯೇ ಬೇರೆ, ಮುಂದಿನ ವರ್ಷಕ್ಕೆ ಕೈಕೊಡದೆ ನಿಲ್ಲುವ ಕಲಿಕೆಯೇ ಬೇರೆ.

ಹಾಗೆಂದು ಗೊಂದಲದ ಪಾಠವೆಲ್ಲ ಆಳವಾದ ಪಾಠವಲ್ಲ. ತಯಾರಿಯಿಲ್ಲದೆ ತರಗತಿಗೆ ಬರುವವರಿಗೆ ಈ ಅಧ್ಯಯನಗಳು ಗುರಾಣಿಯಾಗಬಾರದು. ಅಧ್ಯಾಪಕರು ಸಮಯಕ್ಕೆ ಬಂದರೇ, ಅವಮಾನ ಮಾಡಿದರೇ, ಪ್ರಶ್ನೆ ಕೇಳಲು ಬಿಟ್ಟರೇ ಎಂಬುದಕ್ಕೆ ವಿದ್ಯಾರ್ಥಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಎಷ್ಟು ಕಲಿತೆ ಎಂಬುದಕ್ಕೆ ಮಾತ್ರ ಆ ದಿನದ ಅನಿಸಿಕೆ ಸಾಲದು.

"ಬೈದರೆ ಸುಧಾರಿಸುತ್ತಾರೆ, ಹೊಗಳಿದರೆ ಕೆಡುತ್ತಾರೆ"

ಇದು ವಿದ್ಯಾರ್ಥಿಗಳಿಗಿಂತ ನಮ್ಮ ಸ್ಟಾಫ್ ರೂಮಿನ ನಂಬಿಕೆ. 'ದಂಡಂ ದಶಗುಣಂ' ಎಂದು ಹಿರಿಯರು ಹೇಳಿಟ್ಟಿದ್ದಾರಲ್ಲ, ಜೊತೆಗೆ ಕಣ್ಣಾರೆ ಕಂಡ ಪುರಾವೆಯೂ ಇರುತ್ತದೆ: ಮೊದಲ ಇಂಟರ್ನಲ್ಸ್‌ನಲ್ಲಿ ತೀರಾ ಕಡಿಮೆ ತೆಗೆದವರನ್ನು ನಿಲ್ಲಿಸಿ ಬೈದೆ, ಎರಡನೆಯದರಲ್ಲಿ ಏರಿದರು. ಮೊದಲ ಸ್ಥಾನದವನನ್ನು ಹೊಗಳಿದೆ, ಇಳಿದ.

ಡೇನಿಯಲ್ ಕಾನೆಮನ್ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುವಾಗ ಒಬ್ಬರು ಇದೇ ವಾದ ಹೂಡಿದ್ದರು. ಕಾನೆಮನ್ ನೆಲದ ಮೇಲೊಂದು ಗುರಿ ಗುರುತಿಸಿ, ಅದಕ್ಕೆ ಬೆನ್ನು ಹಾಕಿ ನಿಂತು ಎರಡು ಸಲ ನಾಣ್ಯ ಎಸೆಯುವಂತೆ ಎಲ್ಲರಿಗೂ ಹೇಳಿದರು. ಮೊದಲ ಎಸೆತದಲ್ಲಿ ಗುರಿಯ ಹತ್ತಿರ ಬಿದ್ದವರಲ್ಲಿ ಹೆಚ್ಚಿನವರು ಎರಡನೆಯದರಲ್ಲಿ ದೂರವಾದರು, ದೂರ ಬಿದ್ದವರು ಹತ್ತಿರ ಬಂದರು. ಅಲ್ಲಿ ಬೈದವರೂ ಇಲ್ಲ, ಹೊಗಳಿದವರೂ ಇಲ್ಲ. ನಮ್ಮ ಮೇಷ್ಟ್ರು ಇದನ್ನೇ ಸೀಮೆಸುಣ್ಣದ ಚೂರುಗಳಲ್ಲಿ ಮಾಡಿಸಿದಾಗ ಇಡೀ ತರಗತಿ ನೆಲಕ್ಕೆ ಬಗ್ಗಿ ಅಡಿಕೋಲಿನಲ್ಲಿ ಅಳೆದದ್ದು ನೆನಪಿದೆ.

ಯಾವ ಅಂಕದಲ್ಲಾದರೂ ಸಾಮರ್ಥ್ಯದ ಜೊತೆ ಆ ದಿನದ ಅದೃಷ್ಟವೂ ಸೇರಿರುತ್ತದೆ. ಜ್ವರ, ಓದಿಕೊಂಡ ಪ್ರಶ್ನೆಯೇ ಬಂದದ್ದು, ತಪ್ಪಿದ ಬಸ್ಸು. ತೀರಾ ಕೆಳಗಿನ ಅಂಕದ ಹಿಂದೆ ಕೆಟ್ಟ ದಿನವೂ ಇದ್ದಿರುವ ಸಂಭವ ಹೆಚ್ಚು, ಮುಂದಿನ ಸಲ ಆ ಕೆಟ್ಟ ದಿನ ಮರಳುವ ಸಂಭವ ಕಡಿಮೆ. ಅದಕ್ಕೇ ಅಂಕ ಮಧ್ಯದ ಕಡೆಗೆ ಸರಿಯುತ್ತದೆ. ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಯ ಕಡೆ ವಾಲುವುದನ್ನು ಗಾಲ್ಟನ್ 1886ರಲ್ಲೇ ಬರೆದಿದ್ದರು. ಇದರಲ್ಲಿ ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಒಂದಿದೆ: ನಾವು ಕೆಳಗಿನವರನ್ನೇ ಬೈಯುತ್ತೇವೆ, ಮೇಲಿನವರನ್ನೇ ಹೊಗಳುತ್ತೇವೆ. ಹಾಗಾಗಿ ಬೈಗುಳ ಯಾವಾಗಲೂ ಗೆದ್ದಂತೆ, ಹೊಗಳಿಕೆ ಸೋತಂತೆ ಕಾಣುತ್ತದೆ. ಮೂವತ್ತು ವರ್ಷ ಪಾಠ ಮಾಡಿದರೆ ಮೂವತ್ತು ವರ್ಷವೂ ಆ ಸುಳ್ಳು ಪುರಾವೆ ಬೆಳೆಯುತ್ತಲೇ ಹೋಗುತ್ತದೆ. ಅದರ ಏಟು ಬೀಳುವುದು ಹಿಂದಿನ ಬೆಂಚಿನ ಹುಡುಗನಿಗೆ.

"ನಾಲ್ಕು ಸಲ ಓದಿದರೆ ತಲೆಯಲ್ಲಿ ನಿಲ್ಲುತ್ತದೆ"

ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ: ಒಂದು ಗುಂಪು ಒಂದೇ ಪಾಠವನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದು. ವಾರದ ನಂತರ ಓದಿದವರಿಗೆ ಉಳಿದದ್ದು ಶೇ 40, ಬರೆದು ನೋಡಿದವರಿಗೆ ಶೇ 61. ನಮ್ಮ ಮೇಷ್ಟ್ರು ಪ್ರತಿ ಸೋಮವಾರ ಖಾಲಿ ಹಾಳೆ ಕೊಟ್ಟು ಹಿಂದಿನ ವಾರದ್ದನ್ನು ಬರೆಯಲು ಹೇಳುತ್ತಿದ್ದರು. ಅಂಕ ಕೊಡದ ಆ ಹಾಳೆಗಳನ್ನು ನಾವು ಶಿಕ್ಷೆ ಎಂದುಕೊಂಡಿದ್ದೆವು.

"ಮೊದಲು ಹೊಳೆದ ಉತ್ತರ ಬದಲಿಸಬಾರದು"

ಕೆ-ಸೆಟ್, ನೆಟ್ ಬರೆಯುವವರಿಗೆ ಹಿರಿಯರು ಹೇಳುವ ಬುದ್ಧಿಮಾತು ಇದು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನದ 1,561 ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅಳಿಸಿ ತಿದ್ದಿದ ಗುರುತುಗಳನ್ನು ಎಣಿಸಿದರು, 2005ರಲ್ಲಿ ಪ್ರಕಟಿಸಿದರು. ತಪ್ಪಿನಿಂದ ಸರಿಗೆ ಬದಲಾದವು ಶೇ 51. ಸರಿಯಿಂದ ತಪ್ಪಿಗೆ ಶೇ 25. ಉಳಿದವು ತಪ್ಪಿನಿಂದ ಇನ್ನೊಂದು ತಪ್ಪಿಗೆ. ಕೈಯಲ್ಲಿದ್ದ ಸರಿ ಉತ್ತರವನ್ನು ಬಿಟ್ಟುಕೊಟ್ಟ ಸಂಕಟ ವರ್ಷಗಟ್ಟಲೆ ಕುಟುಕುತ್ತದೆ, ತಿದ್ದಿ ಗಳಿಸಿದ ಅಂಕ ಮರುದಿನವೇ ಮರೆತುಹೋಗುತ್ತದೆ. ನಂಬಿಕೆ ಬೆಳೆದದ್ದು ಆ ಸಂಕಟದಿಂದ. ಅನುಮಾನಕ್ಕೆ ಕಾರಣ ಸಿಕ್ಕಿದ್ದರೆ ಧೈರ್ಯವಾಗಿ ಬದಲಿಸಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

"ಪಿ 0.01 ಎಂದರೆ ಶೇ 99ರಷ್ಟು ಸತ್ಯ"

ಒಂದು ನಾಣ್ಯವನ್ನು 10 ಸಲ ಚಿಮ್ಮಿದಿರಿ, 9 ಸಲ ಹೆಡ್ ಬಿತ್ತು. ನಾಣ್ಯ ಸಾಚಾ ಆಗಿದ್ದರೆ 9 ಅಥವಾ 10 ಹೆಡ್ ಬೀಳುವ ಸಂಭವ 1,024ರಲ್ಲಿ 11, ಅಂದರೆ ಸುಮಾರು ಶೇ 1. ಈ ಶೇ 1 ಎಂಬುದೇ ಪಿ-ಮೌಲ್ಯ. ಹಾಗಾದರೆ ನಾಣ್ಯ ಖೋಟಾ ಎಂಬುದು ಶೇ 99ರಷ್ಟು ಖಚಿತವೇ? ಅದು ನೀವು ತರಕಾರಿ ಕೊಂಡಾಗ ಚಿಲ್ಲರೆಯಲ್ಲಿ ಬಂದ ನಾಣ್ಯವಾದರೆ, ಅಪರೂಪಕ್ಕೆ ಹೀಗೂ ಬೀಳುತ್ತದೆ ಎಂದು ಜೇಬಿಗೆ ಹಾಕಿಕೊಳ್ಳುತ್ತೀರಿ. ಜಾತ್ರೆಯಲ್ಲಿ ದುಡ್ಡು ಕಟ್ಟಿಸಿ ಆಡಿಸುವವನ ಕೈಯ ನಾಣ್ಯವಾದರೆ ಅಲ್ಲಿಂದ ಎದ್ದು ಬರುತ್ತೀರಿ. ಪಿ-ಮೌಲ್ಯ ಎರಡು ಕಡೆಯೂ ಒಂದೇ. ಏನೂ ವಿಶೇಷ ನಡೆದಿಲ್ಲ ಎಂದಿಟ್ಟುಕೊಂಡರೆ ಇಂಥ ಅಂಕಿ ಎಷ್ಟು ಅಪರೂಪ ಎಂಬುದನ್ನಷ್ಟೇ ಅದು ಹೇಳುತ್ತದೆ. ನಮ್ಮ ಊಹೆ ನಿಜವಾಗಿರುವ ಸಂಭವ ಎಷ್ಟು ಎಂಬುದು ಬೇರೆ ಪ್ರಶ್ನೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2016ರಲ್ಲಿ ಇದೇ ವಿಷಯಕ್ಕೆಂದು ಒಂದು ಹೇಳಿಕೆ ಹೊರಡಿಸಬೇಕಾಯಿತು.

ಎಂ.ಎ.ಯಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರು ಬೋರ್ಡಿನ ಮೇಲೆ, ಪಿ 0.05ಕ್ಕಿಂತ ಕಡಿಮೆ ಬಂದರೆ ನಮ್ಮ ಊಹೆ ಶೇ 95ರಷ್ಟು ಸರಿ ಎಂದು ಬರೆದರು. ನಾವೂ ಬರೆದುಕೊಂಡೆವು. ಮರುದಿನ ಬಂದವರು ಹಾಜರಿ ಹಾಕುವ ಮೊದಲೇ, "ನಿನ್ನೆ ನಾನು ಬರೆದ ವಾಕ್ಯ ತಪ್ಪು. ಪುಸ್ತಕ ತೆಗೀರಿ" ಎಂದು ಒಂದು ಗಂಟೆ ಪೂರ್ತಿ ಅದನ್ನೇ ಬಿಡಿಸಿ ಹೇಳಿದರು. ಕಾರಿಡಾರಿನಲ್ಲಿ ನಮ್ಮದು ಒಂದೇ ಮಾತು: ಇವರಿಗೇ ಸರಿಯಾಗಿ ಬರುವುದಿಲ್ಲ. ನನ್ನ ಫೀಡ್‌ಬ್ಯಾಕ್ ಫಾರಂನ ಸಾಲಿಗೆ ಆ ಮಾತೂ ಸೇರಿತ್ತು.

ಹಾಲರ್ ಮತ್ತು ಕ್ರಾಸ್ ಎಂಬಿಬ್ಬರು ಜರ್ಮನಿಯ ಆರು ವಿಶ್ವವಿದ್ಯಾನಿಲಯಗಳ ಮನೋವಿಜ್ಞಾನ ವಿಭಾಗಗಳಲ್ಲಿ ನಡೆಸಿದ ಸಮೀಕ್ಷೆ 2002ರಲ್ಲಿ ಪ್ರಕಟವಾಗಿದೆ. ಪಿ 0.01 ಬಂದ ಒಂದು ಟಿ-ಟೆಸ್ಟ್ ಕೊಟ್ಟು, ಅದರ ಅರ್ಥವೆಂದು ಆರು ವಾಕ್ಯ ಕೊಟ್ಟಿದ್ದರು. ಆರೂ ತಪ್ಪು. ವಿದ್ಯಾರ್ಥಿಗಳಲ್ಲಿ ಒಂದು ವಾಕ್ಯವನ್ನಾದರೂ ಸರಿ ಎನ್ನದವರು ಒಬ್ಬರೂ ಇರಲಿಲ್ಲ. ಸಂಖ್ಯಾಶಾಸ್ತ್ರವನ್ನು ಪಾಠ ಮಾಡುವವರಲ್ಲೇ ಶೇ 80ರಷ್ಟು ಮಂದಿ ಒಂದಲ್ಲ ಒಂದನ್ನು ಸರಿ ಎಂದಿದ್ದರು.

ಆ ಸಮೀಕ್ಷೆ ಓದಿದ ರಾತ್ರಿ ಅಟ್ಟದ ಮೇಲಿದ್ದ ಪೆಟ್ಟಿಗೆ ಇಳಿಸಿ ಎಂ.ಎ. ನೋಟ್‌ಬುಕ್ ಹುಡುಕಿದೆ. ಆ ಪುಟ ಸಿಕ್ಕಿತು. ಹಿಂದಿನ ದಿನದ ವಾಕ್ಯದ ಮೇಲೆ ಒಂದೇ ಒಂದು ಗೆರೆ, ಕೆಳಗೆ ಅವರು ಮರುದಿನ ಬರೆಸಿದ್ದು. ಹೊಡೆದ ವಾಕ್ಯವನ್ನು ಈಗಲೂ ಓದಬಹುದು.