ತಾಯಿ ಒಪ್ಪಿದಳು, ಕಾನೂನು ಒಪ್ಪಿರಲಿಲ್ಲ

ಇಂಗ್ಲೆಂಡಿನಲ್ಲಿ ಗಂಡಸರ ಸಲಿಂಗ ಸಂಬಂಧ 1967ರವರೆಗೂ ಅಪರಾಧ. ಆಮೇಲೂ 21 ತುಂಬಿದವರಿಗಷ್ಟೇ ವಿನಾಯಿತಿ. 1994ರಲ್ಲಿ ಈ ಮಿತಿ 18ಕ್ಕೆ ಇಳಿಯಿತು; ಗಂಡು-ಹೆಣ್ಣಿಗಾದರೋ 16 ಸಾಕಿತ್ತು.

1996ರಲ್ಲಿ ತೆರೆಕಂಡ, ಹೆಟ್ಟಿ ಮ್ಯಾಕ್‌ಡೊನಾಲ್ಡ್ ನಿರ್ದೇಶನದ ‘ಬ್ಯೂಟಿಫುಲ್ ಥಿಂಗ್’ ಚಿತ್ರದ ಪ್ರೇಮಿಗಳು ಇನ್ನೂ ಶಾಲಾ ಹುಡುಗರು. ಲಂಡನ್ನಿನ ಥೇಮ್ಸ್‌ಮೀಡ್ ಬಡಾವಣೆಯಲ್ಲಿ ಅಕ್ಕಪಕ್ಕದ ಮನೆಯವರು. ಅಪ್ಪ, ಅಣ್ಣನ ಹೊಡೆತ ತಾಳದೆ ಸ್ಟೀ, ಜೇಮಿಯ ಮನೆಗೆ ಬರುತ್ತಾನೆ. ಜೇಮಿಯ ತಾಯಿ ಸ್ಯಾಂಡ್ರಾ ಪಬ್ಬಿನಲ್ಲಿ ದುಡಿಯುವವಳು, ಬಾಯಿ ಜೋರು. ಗುಟ್ಟು ತಿಳಿದ ರಾತ್ರಿ ಮಗ ಅಳುತ್ತಾನೆ, ಅವಳು ಅಪ್ಪಿಕೊಳ್ಳುತ್ತಾಳೆ. ಇಂಥ ಕಥೆಯಲ್ಲಿ ಸಾವೋ ಕಾಯಿಲೆಯೋ ಬಂದೇ ಬರುತ್ತದೆಂದು ಕಾದವರಿಗೆ ನಿರಾಸೆಯೇ!

ಕೊನೆಗೆ ಹುಡುಗರು ಮನೆಗಳ ನಡುವಿನ ಅಂಗಳದಲ್ಲಿ ಹಾಡುಹಗಲೇ ಕುಣಿಯುತ್ತಾರೆ. ನೆರೆಹೊರೆ ನೋಡುತ್ತದೆ. ಸ್ಯಾಂಡ್ರಾಳೂ ಕುಣಿತಕ್ಕೆ ಇಳಿಯುತ್ತಾಳೆ. ಕಾನೂನು ಎಲ್ಲರಿಗೂ 16 ಎಂದದ್ದು 2001ರಲ್ಲಿ.