ಹೆಸರುಳ್ಳ ಕಾಫಿ, ಹೆಸರಿಲ್ಲದ ರೈತ

ಸಿರಿಗೇರಿಯ ನಮ್ಮ ವಾಚಕರಿಗೆ ಕಾಫಿತೋಟವು ದೂರದ ಮಾತು. ಆದರೆ ನಮ್ಮ ಸಿರುಗುಪ್ಪ ಸೀಮೆಯಲ್ಲಿ ತುಂಗಭದ್ರೆಯನ್ನು ಕೂಡುವ ಹಗರಿಯು, ವೇದಾವತಿಯೆಂಬ ಹೆಸರಿನಿಂದ, ಕಾಫಿಯ ತವರಾದ ಬಾಬಾಬುಡನ್‌ಗಿರಿಯ ಸಾಲಿನಲ್ಲಿಯೇ ಹುಟ್ಟುವುದು. ಆ ಗಿರಿಯ ಅರಾಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸಂತೋಷವೇ ಸರಿ. ಆ ಹೆಸರಿನ ಬೆಲೆಯು ಸಣ್ಣ ಬೆಳೆಗಾರನ ಕೈಸೇರುವುದೇ ಎಂಬುದು ನಮ್ಮ ಪ್ರಶ್ನೆ.

1942ರ ಕಾಯಿದೆಯ ಮೇರೆಗೆ ಬೆಳೆಗಾರರು ತಮ್ಮ ಕಾಫಿಯನ್ನು ಮಂಡಳಿಯ ಒಟ್ಟು ರಾಶಿಗೆ ಒಪ್ಪಿಸಬೇಕಾಗಿದ್ದಿತು; ಯಾವ ಗುಡ್ಡದ್ದೆಂಬುದು ಅಲ್ಲಿಯೇ ಅಳಿಯುತ್ತಿದ್ದಿತು. 1990ರ ದಶಕದಲ್ಲಿ ಆ ಕಟ್ಟು ಸಡಿಲಿತು. ಆದರೂ ಎರಡು ಮೂರು ಎಕರೆಯವನು ಇಂದಿಗೂ ಮೂಟೆಯನ್ನು ಅಂದಿನ ಧಾರಣೆಗೆ ವರ್ತಕನಿಗೆ ಕೊಡುವನು. ರಾಶಿಯು ಬದಲಾಯಿತು, ಅಷ್ಟೆ. ನಮ್ಮ ಭತ್ತವೂ ಗಿರಣಿಯಲ್ಲಿ ಹೀಗೆಯೇ ಊರಿನ ಹೆಸರು ಕಳೆದುಕೊಳ್ಳುವುದಲ್ಲವೆ?

ಒಂದೇ ನೆಲೆಯ ಉತ್ತಮ ಕಾಫಿಯೆನಿಸಬೇಕಾದರೆ ಕೆಂಪು ಹಣ್ಣನ್ನೇ ಆರಿಸಿ ಕೊಯ್ಯಬೇಕು, ಪ್ರತ್ಯೇಕವಾಗಿ ಒಣಗಿಸಬೇಕು, ರುಚಿಪರೀಕ್ಷಕರಿಂದ ನೂರಕ್ಕೆ 80 ಅಂಕಗಳನ್ನಾದರೂ ಪಡೆಯಬೇಕು. (ಚಿಕೋರಿ ಬೆರೆಸಿ ಕುಡಿಯುವ ನಮ್ಮ ನಾಲಗೆಗೆ ಇದು ವಿಚಿತ್ರವೆನಿಸೀತು.) ಕೂಲಿ ಹೆಚ್ಚು, ಕಣ ಬೇಕು, ಹಣಕ್ಕಾಗಿ ಕಾಯುವ ಶಕ್ತಿಯೂ ಬೇಕು. ಇದು ಒಬ್ಬನಿಂದಾಗದು. ಒಂದು ಇಳಿಜಾರಿನ ಹತ್ತು ಮನೆಯವರು ಸಂಘ ಕಟ್ಟಿ, ಕಣವನ್ನೂ ಹೆಸರನ್ನೂ ಒಂದಾಗಿಸಿಕೊಂಡಲ್ಲಿ ಆದೀತು. ಕಾಫಿ ಮಂಡಳಿಯವರು ತಮ್ಮ ಸಹಾಯಧನವನ್ನು ಮೊದಲು ಇಂತಹ ಸಂಘಗಳಿಗೆ ಕೊಡತಕ್ಕದ್ದೆಂದು ನಾವು ಒತ್ತಾಯಪಡಿಸುತ್ತೇವೆ.